ಹನ್ನಳ ತುಟಿ, ಮುಕ್ತಿಯ ಕೂಗು

ಜನ ಏನೆಂದುಕೊಂಡಾರು ಎಂದು ಅಂಜದೆ ದೇವರನ್ನು ಆರಾಧಿಸಬೇಕು ಎಂಬ ಪ್ರಸಂಗಕ್ಕೆ ನಮ್ಮ ಸಭೆಗಳಲ್ಲಿ ಸಿದ್ಧ ಉದಾಹರಣೆ ದಾವೀದ. ಮಂಜೂಷವನ್ನು ಯೆರೂಸಲೇಮಿಗೆ ತರುವಾಗ ಅವನು ನಾರಿನ ಏಫೋದು ಕಟ್ಟಿಕೊಂಡು ಮೈಮರೆತು ಕುಣಿದ. ಕಿಟಕಿಯಿಂದ ನೋಡಿದ ಹೆಂಡತಿ ಮೀಕಲಳು ಮನಸ್ಸಿನಲ್ಲೇ ಅವನನ್ನು ತಿರಸ್ಕರಿಸಿದಳು. ಕುಣಿದವನು ಭಕ್ತ, ಮೂಗು ಮುರಿದವಳು ಅಹಂಕಾರಿ ಎಂದು ಬೋಧಕರು ಅಲ್ಲಿಗೇ ಮುಗಿಸುತ್ತಾರೆ. ಆದರೆ ಎರಡನೆಯ ಸಮುವೇಲನ ಪುಸ್ತಕವನ್ನು ಮೂರನೆಯ ಅಧ್ಯಾಯದಿಂದ ಓದಿಕೊಂಡು ಬಂದವರಿಗೆ ಆರನೆಯ ಅಧ್ಯಾಯ ಅಷ್ಟು ಸಲೀಸಾಗಿ ದಕ್ಕುವುದಿಲ್ಲ. ಮೀಕಲಳನ್ನು ಆಗಿನ ಗಂಡನಿಂದ ಕಿತ್ತು ದಾವೀದನ ಮನೆಗೆ ಕರೆತಂದಿದ್ದರು. ಆ ಗಂಡ ಬಹುರೀಮಿನವರೆಗೂ ಅಳುತ್ತಾ ಹಿಂದೆ ಬಂದಿದ್ದ. ಅವಳ ಕಹಿಗೆ ಬರೀ ದೊಡ್ಡಸ್ತಿಕೆ ಕಾರಣವೆನ್ನುವುದು ಅನ್ಯಾಯ. ದಾವೀದನಾದರೂ ಅವಳಿಗೆ ಕೊಟ್ಟ ಉತ್ತರದಲ್ಲಿ, ದೇವರು ಹಿಂದಿನ ಅರಸನಾದ ನಿನ್ನ ತಂದೆಯ ಮನೆತನವನ್ನು ಬಿಟ್ಟು ನನ್ನನ್ನು ಆರಿಸಿಕೊಂಡನೆಂದು ನೆನಪಿಸಲು ಮರೆಯಲಿಲ್ಲ. ಅವನ ಭಕ್ತಿಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಅವನು ಅರಸ. ಜನ ಆಡಿಕೊಂಡರೂ ಅವನ ಅನ್ನಕ್ಕೆ, ಸೂರಿಗೆ ಸಂಚಕಾರವಿರಲಿಲ್ಲ. ಪರರ ಅಭಿಪ್ರಾಯದ ಮೇಲೆಯೇ ಬದುಕು ನಿಂತಿರುವವರಿಗೆ ಅವನ ಧೈರ್ಯ ಪೂರ್ತಿ ಮಾದರಿಯಾಗಲಾರದು.

ಅಂಥವರಿಗೆ ಹನ್ನಳು ಹತ್ತಿರದವಳು. ಮಕ್ಕಳಿಲ್ಲದವಳೆಂದು ಸವತಿ ಪೆನಿನ್ನಳಿಂದ ವರ್ಷವರ್ಷವೂ ಚುಚ್ಚುಮಾತು ಕೇಳಿದವಳು ಶೀಲೋವಿನ ಆಲಯದಲ್ಲಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲುಗುತ್ತದೆ, ಧ್ವನಿ ಹೊರಡುವುದಿಲ್ಲ. ಬಾಗಿಲ ಬಳಿ ಕೂತ ಯಾಜಕ ಏಲಿ ಅವಳ ಬಾಯನ್ನೇ ಗಮನಿಸಿ, ಕುಡಿದು ಬಂದಿದ್ದಾಳೆಂದು ಗದರುತ್ತಾನೆ. ಅವಳು ಹಿಂಜರಿಯುವುದಿಲ್ಲ, ಸಿಟ್ಟಾಗುವುದೂ ಇಲ್ಲ. ತಾನು ಕುಡಿದಿಲ್ಲ, ನೊಂದವಳು, ದೇವರ ಮುಂದೆ ಮನಸ್ಸನ್ನು ತೋಡಿಕೊಳ್ಳುತ್ತಿದ್ದೇನೆ ಎನ್ನುತ್ತಾಳೆ. ಏಲಿ ತನ್ನ ಮಾತು ಬದಲಿಸಿ ಹರಸಿ ಕಳಿಸುತ್ತಾನೆ. ಆಲಯದ ಮುಖ್ಯಸ್ಥನ ತಪ್ಪು ತೀರ್ಪಿನ ಎದುರು ತನ್ನ ಪ್ರಾರ್ಥನೆಯನ್ನು ಬಿಟ್ಟುಕೊಡದ ಈ ಹೆಂಗಸಿನ ಧೈರ್ಯ ದಾವೀದನದಕ್ಕಿಂತ ದೊಡ್ಡದೆಂದೇ ನನ್ನ ಅಭಿಪ್ರಾಯ. ಅದೂ ಸದ್ದಿಲ್ಲದ ಪ್ರಾರ್ಥನೆ. ನಿರ್ಭಯ ಆರಾಧನೆಯನ್ನು ಕುಣಿತದಿಂದ, ಕೂಗಿನಿಂದ ಅಳೆಯುವ ಅಭ್ಯಾಸಕ್ಕೆ ಬೈಬಲಿನೊಳಗೇ ಇರುವ ತಡೆ ಇದು.

ಹಾಗೆಂದು ಕೂಗನ್ನು ಹೀಗಳೆಯಲಾಗದು. ಕಾರ್ಕಳದ ಬಳಿಯ ಮಾಳ ಗ್ರಾಮದ ಮನೆತನದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಸಮೀಪದ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ನಡೆದ ಉಜ್ಜೀವನವನ್ನು ಈ ದೃಷ್ಟಿಯಿಂದ ನೋಡಬೇಕು. ಅಲ್ಲಿದ್ದವರಲ್ಲಿ ಹೆಚ್ಚಿನವರು ಬಾಲವಿಧವೆಯರು, ಬರಗಾಲದ ಅನಾಥೆಯರು. 1896–97ರಲ್ಲಿ ಮಧ್ಯಭಾರತದಿಂದ, 1900ರಲ್ಲಿ ಗುಜರಾತಿನಿಂದ ರಮಾಬಾಯಿ ಉಳಿಸಿ ತಂದವರು. ಅಳಬೇಕಾದರೂ ಸೆರಗು ಬಾಯಿಗೆ ಒತ್ತಿಕೊಂಡು ಅಳಬೇಕೆಂದು ಕಲಿತಿದ್ದ ಹುಡುಗಿಯರು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಪಾಪ ಅರಿಕೆ ಮಾಡಿದರು, ತಂಡ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋದರು. ಇದು ಭಾವಾವೇಶ, ಗದ್ದಲ ಎಂದು ಟೀಕಿಸಿದವರಲ್ಲಿ ಮಿಷನರಿಗಳೂ ಇದ್ದರು. ಭಾರತೀಯರ ಭಕ್ತಿ ಅವರ ಸ್ವಭಾವಕ್ಕೆ ಒಗ್ಗುವಂತೆ ಹೊರಹೊಮ್ಮಲಿ, ಪಾಶ್ಚಾತ್ಯರ ರೀತಿನೀತಿ ಅದಕ್ಕೆ ಅಡ್ಡ ಬರಬಾರದು ಎಂಬುದು ರಮಾಬಾಯಿಯವರ ಉತ್ತರವಾಗಿತ್ತು. ಈ ಮಾತಿನ ಹಿಂದೆ ದೀರ್ಘ ಅನುಭವವಿತ್ತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ ಸ್ವದೇಶದ ಸಂಪ್ರದಾಯಸ್ಥರು ಅವರ ಮೇಲೆ ಕೆಂಡವಾದರು; ಅತ್ತ ಆಂಗ್ಲಿಕನ್ ಸನ್ಯಾಸಿನಿಯರು ಅವರ ಸಸ್ಯಾಹಾರವನ್ನೂ ಸ್ವತಂತ್ರ ವಿಚಾರವನ್ನೂ ಪ್ರಶ್ನಿಸಿದರು. ಎರಡೂ ಕಡೆಯ ಮುನಿಸನ್ನು ಉಂಡ ಹೆಣ್ಣು ತನ್ನ ಹುಡುಗಿಯರ ಬಾಯಿ ಮುಚ್ಚಿಸಲು ಒಪ್ಪಲಿಲ್ಲ. ಶೀಲೋವಿನ ಮೌನಕ್ಕೂ ಕೇಡಗಾಂವದ ಕೂಗಿಗೂ ನಂಟು ಇಲ್ಲಿದೆ: ಎರಡೂ ಕಡೆ, ಮಾನ ಮರ್ಯಾದೆಯ ಹೆಸರಿನಲ್ಲಿ ತಗ್ಗಿಸಲ್ಪಟ್ಟವರಿಗೆ ದೇವರ ಮುಂದೆ ತಮ್ಮ ದನಿ ಸಿಕ್ಕಿತು. ಆರಾಧನೆಯ ಬಿಡುಗಡೆಯನ್ನು ತೂಗಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ತೋಚದು.

ಇದಕ್ಕೆ ಎದುರಾಗಿ ಪೌಲನನ್ನು ನಿಲ್ಲಿಸುವವರಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಅವನು, ಎಲ್ಲರೂ ಒಟ್ಟಿಗೆ ಅನ್ಯಭಾಷೆಗಳನ್ನಾಡಿದರೆ ಒಳಗೆ ಬಂದ ಹೊರಗಿನವರು ನಿಮ್ಮನ್ನು ಹುಚ್ಚರೆನ್ನುವುದಿಲ್ಲವೇ ಎಂದು ಕೇಳುತ್ತಾನೆ. ಜನರ ಅಭಿಪ್ರಾಯವನ್ನು ಅಪೊಸ್ತಲನೇ ಲೆಕ್ಕಕ್ಕೆ ಹಿಡಿದನಲ್ಲ! ಆಕ್ಷೇಪಣೆ ಹಗುರದ್ದಲ್ಲ. ಆದರೆ ಪೌಲನ ಚಿಂತೆ ಆರಾಧಕನ ಮಾನದ್ದಲ್ಲ. ಏನೂ ಅರ್ಥವಾಗದೆ ಆಮೆನ್ ಅನ್ನಲಾರದೆ ನಿಂತ ಹೊಸಬನದ್ದು. ಅವನ ಅಳತೆಗೋಲು ಸಭೆಯ ಭಕ್ತಿವೃದ್ಧಿ. ಅರ್ಥ ಹೇಳುವವರು ಇಲ್ಲದಿದ್ದರೆ ಅನ್ಯಭಾಷೆಯವನು ಸಭೆಯಲ್ಲಿ ಸುಮ್ಮನಿದ್ದು ತನ್ನಷ್ಟಕ್ಕೆ ದೇವರೊಂದಿಗೆ ಮಾತಾಡಲಿ ಎಂದಾಗಲೂ ಅವನು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ, ಪ್ರದರ್ಶನವನ್ನು ನಿಲ್ಲಿಸಿದ. ಬೀದಿಯ ಮೂಲೆಗಳಲ್ಲಿ ಕಾಣುವಂತೆ ಪ್ರಾರ್ಥಿಸುವವರನ್ನು ಯೇಸು ಖಂಡಿಸಿದ್ದೂ ಇದೇ ಕಾರಣಕ್ಕೆ. ಅಂಜಿ ಬಾಯಿ ಮುಚ್ಚುವವನೂ ಮೆಚ್ಚುಗೆಗಾಗಿ ಬಾಯಿ ತೆರೆಯುವವನೂ ಕಣ್ಣಿಟ್ಟಿರುವುದು ಪಕ್ಕದವನ ಮುಖದ ಮೇಲೆಯೇ.

ಇನ್ನೊಂದು ಆಕ್ಷೇಪಣೆ ಮುಕ್ತಿಯ ಕುರಿತೇ ಎತ್ತಬಹುದಾದದ್ದು, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದು. ಅನ್ನ, ಸೂರು, ಓದು ಎಲ್ಲವೂ ಒಂದೇ ಸಂಸ್ಥೆಯಿಂದ ಬರುವಾಗ, ನೂರಾರು ಜನ ಅಳುತ್ತಿರುವ ಕೋಣೆಯಲ್ಲಿ ಒಬ್ಬ ಹುಡುಗಿ ಅಳದೆ ಕೂರಬಲ್ಲಳೇ? ಕೆಲವರಾದರೂ ಸುತ್ತಲವರನ್ನು ನೋಡಿ ಅತ್ತಿರಬೇಕು. ಇದನ್ನು ಒಪ್ಪದೆ ಮುಕ್ತಿಯನ್ನು ಹೊಗಳುವುದು ಪ್ರಾಮಾಣಿಕವಾಗದು. ಆದರೂ ರಮಾಬಾಯಿ ಅಲ್ಲಿ ಕೆಲವರು ಆಡಿದ ಅನ್ಯಭಾಷೆಯನ್ನು ಪ್ರತಿಯೊಬ್ಬರಿಗೂ ಪವಿತ್ರಾತ್ಮನ ಕಡ್ಡಾಯದ ಗುರುತನ್ನಾಗಿ ಮಾಡಲಿಲ್ಲ ಎಂಬುದು ಅವರ ಪರವಾಗಿ ನಿಲ್ಲುವ ಸಂಗತಿ. ಆ ವಿವೇಕ ಇಂದಿನ ನಮ್ಮ ಅನೇಕ ಆರಾಧನೆಗಳಲ್ಲಿ ಕಾಣುವುದಿಲ್ಲ. ಕೀಬೋರ್ಡಿನ ಸ್ವರ ಏರುತ್ತಿದ್ದಂತೆ ಮೈಕ್ ಹಿಡಿದವರು ಎಲ್ಲರೂ ಕೈ ಎತ್ತಿ, ಇನ್ನೂ ಜೋರಾಗಿ ಹಲ್ಲೆಲೂಯ ಅನ್ನಿ ಎನ್ನುತ್ತಾರೆ; ಕ್ಯಾಮೆರಾ ಮುಖದಿಂದ ಮುಖಕ್ಕೆ ಸರಿಯುತ್ತದೆ; ಕೈ ಕಟ್ಟಿ ಕೂತವನು ಆತ್ಮವಿಲ್ಲದವನೆನಿಸಿಕೊಳ್ಳುತ್ತಾನೆ. ಹಳೆಯ ಸಭೆಗಳಲ್ಲಿ ಇದರ ಮಗ್ಗುಲು ಬೇರೆ: ಹಿಂದಿನ ಬೆಂಚಿನಿಂದ ಯಾರೋ ಹೆಂಗಸು ಸ್ತೋತ್ರ ಎಂದು ಗಟ್ಟಿಯಾಗಿ ಅಂದರೆ ಹತ್ತು ತಲೆ ಹಿಂದಕ್ಕೆ ತಿರುಗುತ್ತವೆ. ಎರಡೂ ಕಡೆ ಆಳುವುದು ಪಕ್ಕದವರ ಭಯವೇ. ನಮ್ಮ ಕಾಲದಲ್ಲಿ ಮೊದಲನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಬಿಡುಗಡೆಯ ಹೆಸರಿನಲ್ಲೇ ನಡೆಯುತ್ತದೆ.

ಆರಾಧನೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಕೈ ಎತ್ತಬೇಕೆಂಬ ಅಪ್ಪಣೆಯನ್ನು ಮೈಕಿನಿಂದ ಕೊಡಬೇಡಿ, ಎತ್ತಿದವರನ್ನು ತಡೆಯಲೂ ಬೇಡಿ, ಅಳುವವರತ್ತ ಕ್ಯಾಮೆರಾ ತಿರುಗಿಸಬೇಡಿ, ಹಾಡುಗಳ ನಡುವೆ ಯಾರೂ ಏನೂ ಹೇಳದ ಕೆಲವು ನಿಮಿಷಗಳನ್ನು ಸಭೆಗೆ ಬಿಟ್ಟುಕೊಡಿ.