ಖಾಲಿ ಜಾಗವಿಲ್ಲದ ಉತ್ತರ

ಕಂಪನಿಗಳು ಗಿರಾಕಿಗಳಿಗೆ ಬರೆಯುವ ಕಾಗದಗಳನ್ನು ಯಾರೂ ವಿಮರ್ಶೆಗೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು ಅಂತ ನನಗನಿಸುತ್ತದೆ. ನಿವೃತ್ತನಾದ ಮೇಲೆ ನನಗೆ ಬಂದಿರುವ ಇಂಥ ಉತ್ತರಗಳೇ ಒಂದು ಫೈಲಿನಷ್ಟಿವೆ.

ನಾವಿರುವುದು ಡೊಂಬಿವಲಿಯಲ್ಲಿ. ಜೊತೆಗಿರುವ ನಮ್ಮ ಅತ್ತಿಗೆಗೆ ಎಂಬತ್ತು ದಾಟಿದೆ. ಕನ್ನಡ ಪೇಪರನ್ನು ಒಂದು ಸಾಲೂ ಬಿಡದೆ ಓದುತ್ತಾರೆ. ಇಂಗ್ಲಿಷ್, ದೇವನಾಗರಿ ಎರಡೂ ಬಾರದು. ಮನೆಗೆ ತರುವ ಪಾತ್ರೆ ತೊಳೆಯುವ ಲಿಕ್ವಿಡ್ಡು, ನೆಲ ಒರೆಸುವ ಲಿಕ್ವಿಡ್ಡು ಎರಡೂ ಒಂದೇ ಕಂಪನಿಯವು. ಎರಡರ ಬಾಟಲಿಯೂ ಹಳದಿ, ಎರಡರ ಮೇಲೂ ನಿಂಬೆಹಣ್ಣು. "ಇದು ಯಾವುದು ನೋಡೋ" ಅಂತ ಅವರು ದಿನಾ ಕೇಳಬೇಕು. ಮನೇಲಿ ಯಾರೂ ಇಲ್ಲದಾಗ ಯಾರನ್ನು ಕೇಳುವುದು?

ಕಂಪನಿಗೆ ಬರೆದೆ. ಮೂರೇ ಪ್ರಶ್ನೆ. ಎಚ್ಚರಿಕೆಯ ಸಾಲನ್ನಾದರೂ ಕನ್ನಡದಲ್ಲಿ ಹಾಕುತ್ತೀರಾ? ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡುತ್ತೀರಾ? ಆಗದಿದ್ದರೆ ಕಾರಣವೇನು? ಉತ್ತರ ಬೇಗನೇ ಬಂತು. ನನ್ನ ಅಮೂಲ್ಯ ಸಲಹೆಗೆ ಧನ್ಯವಾದ, ಅದನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ, ಗಿರಾಕಿಯ ಸಂತೋಷವೇ ತಮ್ಮ ಧ್ಯೇಯ. ಆಮೇಲೆ ಬಿಸ್ಕತ್ತಿನ ಪೊಟ್ಟಣ ಕತ್ತರಿಯಿಲ್ಲದೆ ಬಿಚ್ಚುವುದಿಲ್ಲ ಅಂತ ಬೇರೊಂದು ಕಂಪನಿಗೆ ಬರೆದೆ. ಅಲ್ಲಿಂದಲೂ ಹೆಚ್ಚುಕಡಿಮೆ ಇದೇ ಮೂರು ವಾಕ್ಯ!

ಈ ಗದ್ಯದ ಗುಣ ನೋಡಿ. ಲಿಕ್ವಿಡ್ಡು, ಕನ್ನಡ, ಅತ್ತಿಗೆ ಯಾವುದರ ಹೆಸರೂ ಅದರಲ್ಲಿಲ್ಲ. "ಕಳಿಸಲಾಗಿದೆ" ಅಂದರೆ ಕಳಿಸಿದವರು ಯಾರು, ಯಾರಿಗೆ, ಯಾವತ್ತು? ಕರ್ತೃವೇ ಇಲ್ಲದ ವಾಕ್ಯದಲ್ಲಿ ಜವಾಬ್ದಾರಿಯೂ ಇರುವುದಿಲ್ಲ.

ಅಚ್ಚು ಹಾಕಿದ ಉತ್ತರವೇ ತಪ್ಪು ಅಂತ ನಾನು ಹೇಳುವುದಿಲ್ಲ. ಬ್ಯಾಂಕಿನಲ್ಲಿ ಚೆಕ್ಕು ವಾಪಸ್ಸು ಮಾಡುವಾಗ ನಾವೂ ಅಚ್ಚಾದ ಚೀಟಿಯನ್ನೇ ಲಗತ್ತಿಸುತ್ತಿದ್ದೆವು. ಆದರೆ ಅದರಲ್ಲಿ ಖಾಲಿ ಜಾಗಗಳಿದ್ದವು: ಚೆಕ್ ನಂಬರು, ಮೊತ್ತ, ತಾರೀಖು. ಹಣ ಸಾಲದೋ, ಸಹಿ ಹೊಂದದೋ, ಕಾರಣಕ್ಕೆ ಗುರುತು ಹಾಕಲೇಬೇಕು. ಬೈಸಿಕೊಂಡರೂ ಗಿರಾಕಿಗೆ ಸಂಗತಿ ತಿಳಿಯುತ್ತಿತ್ತು. ಕಂಪನಿಯ ಕಾಗದದಲ್ಲಿ ಆ ಖಾಲಿ ಜಾಗವೇ ಇಲ್ಲ. ಆದ್ದರಿಂದ ಅದು ಯಾವ ದೂರಿಗೂ ಹೊಂದುತ್ತದೆ, ಯಾವ ದೂರಿಗೂ ಉತ್ತರವಾಗುವುದಿಲ್ಲ.

ಪೊಟ್ಟಣದ ಸಾಮಾನುಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ತೂಕ, ಬೆಲೆ ಮೊದಲಾದ ಕಡ್ಡಾಯ ವಿವರಗಳು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ದೂರು ಕೊಡಲು ವಿಳಾಸ, ಫೋನು ಅಚ್ಚು ಹಾಕುವುದೂ ಕಡ್ಡಾಯ. ಅಂದರೆ ಕನ್ನಡ ಹಾಕದಿರುವುದು ಕಾನೂನಿನ ತೊಡಕಲ್ಲ, ಕಂಪನಿಯ ತೀರ್ಮಾನ. ಆ ತೀರ್ಮಾನದ ಕಾರಣವನ್ನೇ ನಾನು ಕೇಳಿದ್ದು.

ಊರಲ್ಲಿರುವ ನಿಮಗೆ ನಮಗಿಂತ ಬಲ ಹೆಚ್ಚು. ಕರ್ನಾಟಕದಲ್ಲಿ ತಯಾರಾಗಿ ಅಲ್ಲೇ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಮಾಡಿದೆ. ಮುಂಬೈಯಲ್ಲಿ ನಾನೊಬ್ಬ ಕೇಳಿದರೆ ಅದು "ಅಮೂಲ್ಯ ಸಲಹೆ" ಆಗಿ ಮುಗಿಯುತ್ತದೆ. ನೀವು ಹತ್ತು ಮನೆಯವರು ಕೇಳಿದರೆ ಅದು ವ್ಯಾಪಾರದ ಮಾತಾಗುತ್ತದೆ. ಬರೆಯುವಾಗ ಪ್ರಶ್ನೆಗಳಿಗೆ ನಂಬರು ಹಾಕಿ. ಉತ್ತರದಲ್ಲಿ ಆ ನಂಬರುಗಳಿಲ್ಲದಿದ್ದರೆ ಅದನ್ನೇ ಕೆಂಪು ಶಾಯಿಯಲ್ಲಿ ಗುರುತು ಮಾಡಿ ವಾಪಸ್ಸು ಕಳಿಸಿ. ನಮ್ಮ ಅತ್ತಿಗೆಯಂಥವರು ನಿಮ್ಮೂರಲ್ಲೂ ಇದ್ದಾರೆ.