ಲಗಾಮು ಕೊಡದ ಗುರು

ಹಳಿಯಾಳದ ಗರಡಿಗೆ ಹೊಸದಾಗಿ ಬಂದ ಹುಡುಗನಿಗೆ ವಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಬೈಠಕ್ ಹೊಡೆಸುತ್ತಾರೆ, ಅಖಾಡದ ಮಣ್ಣು ಕೆದರಿಸುತ್ತಾರೆ, ನಿಲುವು ತಿದ್ದುತ್ತಾರೆ. ಶಾಸ್ತ್ರೀಯ ಕುದುರೆ ಸವಾರಿಯ ಒಳ್ಳೆಯ ಗುರುವಿನ ಕಟ್ಟುನಿಟ್ಟು ಇನ್ನೂ ಹೆಚ್ಚು. ಮೊದಲ ಪಾಠಗಳಲ್ಲಿ ಶಿಷ್ಯನ ಕೈಗೆ ಲಗಾಮನ್ನೇ ಕೊಡುವುದಿಲ್ಲ.

ಗುರು ಅಂಗಳದ ನಡುವೆ ನಿಂತು ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ತನ್ನ ಸುತ್ತ ತಿರುಗಿಸುತ್ತಾರೆ. ವೇಗ, ದಿಕ್ಕು ಎರಡೂ ಅವರ ಹೊಣೆ. ಸವಾರನ ಪಾದಗಳು ರಿಕಾಬಿನಿಂದ ಹೊರಗೆ, ಕೈಗಳು ಖಾಲಿ. ಅವನಿಗಿರುವುದು ಒಂದೇ ಕೆಲಸ, ಸರಿಯಾಗಿ ಕೂರುವುದು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕೆ ಬರಬೇಕು. ಕುದುರೆಯ ನಡಿಗೆಗೆ ನಾಲ್ಕು ತಾಳ, ಟ್ರಾಟ್ ಎಂಬ ಕುಲುಕು ಓಟಕ್ಕೆ ಎರಡು, ಅದಕ್ಕಿಂತ ವೇಗದ ಕ್ಯಾಂಟರ್‌ಗೆ ಮೂರು. ಹೊಸಬರನ್ನು ಕಾಡುವುದು ಟ್ರಾಟ್. ಬಿದ್ದೇನೆಂಬ ಭಯಕ್ಕೆ ಮಂಡಿ ಬಿಗಿಯುತ್ತದೆ, ಮಂಡಿ ಬಿಗಿದಷ್ಟೂ ಮೈ ಮೇಲಕ್ಕೆ ಪುಟಿಯುತ್ತದೆ. ಆಗ ಕೈಯಲ್ಲಿ ಲಗಾಮಿದ್ದರೆ ಆಸರೆಗೆ ಅದನ್ನೇ ಜಗ್ಗುತ್ತಾರೆ. ನೋವು ಕಡಿವಾಣ ಕಚ್ಚಿದ ಮೂಕಪ್ರಾಣಿಯ ಬಾಯಿಗೆ.

ಈ ಕಾರಣಕ್ಕೇ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸ ಶಿಷ್ಯರು ಇಂದಿಗೂ ತಿಂಗಳುಗಟ್ಟಲೆ ಹಗ್ಗದ ಕುದುರೆಯ ಮೇಲೆಯೇ ಕಲಿಯುತ್ತಾರೆ. ಬಲವಂತದಿಂದ ಕುದುರೆಯನ್ನು ಕುಣಿಸಬಾರದೆಂದು ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟ. ನಮ್ಮ ನಾಡಿಗೂ ಈ ವಿದ್ಯೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕುದುರೆಯಾಟಕ್ಕೆಂದೇ ಜಾಗ ಕೊಟ್ಟಿದ್ದಾನೆ. ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳ ಇವತ್ತಿಗೂ ದಸರೆಯ ಮೆರವಣಿಗೆಯಲ್ಲಿ ಸಾಗುತ್ತದೆ.

ಎಷ್ಟು ಬೆಳೆದರೂ ಗುರು ಬೇಕು ಎಂಬುದಕ್ಕೆ ಈ ಕಾಲದ ದೊಡ್ಡ ಉದಾಹರಣೆ ಬೆಂಗಳೂರಿನ ಸವಾರ ಫವಾದ್ ಮಿರ್ಜಾ. ತಂದೆ ಕುದುರೆಗಳ ವೈದ್ಯರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮಿರ್ಜಾ ‘ಸೆನ್ಯೋರ್ ಮೆಡಿಕಾಟ್’ ಕುದುರೆಯ ಮೇಲೆ ಇವೆಂಟಿಂಗ್ ಎಂಬ ಮೂರು ಹಂತಗಳ ಸವಾರಿ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಏಷ್ಯನ್ ಪದಕ ಬಂದದ್ದು 1982ರ ನಂತರ ಅದೇ ಮೊದಲು. ಮೆಚ್ಚಬೇಕಾದದ್ದು ಆಮೇಲಿನ ನಡೆ. ಪದಕ ಕೊರಳಲ್ಲಿದ್ದರೂ ಅವರು ಜರ್ಮನಿಯಲ್ಲಿ ಸಾಂಡ್ರಾ ಔಫಾರ್ಟ್ ಅವರ ಬಳಿ ಶಿಷ್ಯರಾಗಿ ನಿಂತರು. ಔಫಾರ್ಟ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ, ವೈಯಕ್ತಿಕ ಕಂಚು ಪಡೆದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕುದುರೆಯ ನಡೆಯ ಶಿಸ್ತನ್ನು ಅಳೆಯುವ ಡ್ರೆಸಾಜ್ ಹಂತ ಮುಗಿದಾಗ ಮಿರ್ಜಾ ಒಂಬತ್ತನೆಯವರು. ಕೊನೆಗೆ 23ನೇ ಸ್ಥಾನ. 2000ದ ಸಿಡ್ನಿ ಒಲಿಂಪಿಕ್ಸ್‌ನ ಇಮ್ತಿಯಾಜ್ ಅನೀಸ್ ಬಳಿಕ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಸವಾರ ಮಿರ್ಜಾ.

ಅಂಥ ನುರಿತ ಸವಾರನಿಗೂ ಗುರು ಏಕೆ ಬೇಕು? ಕುದುರೆಯ ಮೇಲಿದ್ದವನಿಗೆ ತನ್ನ ಬೆನ್ನು ಕಾಣುವುದಿಲ್ಲ. ಎಡ ಸೊಂಟ ತುಸು ಕುಸಿದರೆ ಕುದುರೆ ಎಡಕ್ಕೆ ವಾಲುತ್ತದೆ. ಸವಾರ ತಪ್ಪು ಕುದುರೆಯದೆಂದು ಬೈಯುತ್ತಾನೆ. ನೆಲದ ಮೇಲೆ ನಿಂತ ಪಳಗಿದ ಕಣ್ಣು ಆ ಕುಸಿತವನ್ನು ಕುದುರೆಯ ಹೆಜ್ಜೆಯಲ್ಲೇ ಗುರುತಿಸುತ್ತದೆ. ವಿಡಿಯೊ ನೋಡಿ ಕಲಿಯುವವರಿಗೆ ಈ ಕಣ್ಣು ಸಿಗದು.

ದಾಂಡೇಲಿ, ಹಳಿಯಾಳ ಕಡೆಯ ಪಾಲಕರು ರಜೆಯಲ್ಲಿ ಮಕ್ಕಳನ್ನು ಯಾವುದೇ ಊರಿನ ಸವಾರಿ ಶಾಲೆಗೆ ಸೇರಿಸುವುದಾದರೆ, ಶುಲ್ಕ ವಿಚಾರಿಸುವ ಮೊದಲು ಲಾಯಕ್ಕೆ ಹೋಗಿ ಬನ್ನಿ. ಕುದುರೆಯ ಬೆನ್ನಲ್ಲಿ ಜೀನು ಉಜ್ಜಿದ ಗಾಯವಿದೆಯೇ, ಬಾಯಿಯ ಅಂಚು ಸೀಳಿದೆಯೇ, ಗೊರಸು ಶುಚಿಯಾಗಿದೆಯೇ ನೋಡಿ. ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್ ಇಲ್ಲದೆ ಮಗು ಜೀನು ಏರಬಾರದು. ಮೊದಲ ದಿನವೇ ಓಡಿಸಿ ತೋರಿಸುತ್ತೇವೆ ಎನ್ನುವ ಕಡೆ ಹಣ ಕಟ್ಟಬೇಡಿ.