ಆಗಾಗ ಅಂದರೆ ಎಷ್ಟು ಸಲ?

ಇಂಗ್ಲಿಷ್ ಕಲಿಸುವ ಕೈಪಿಡಿಗಳಲ್ಲಿ ಒಂದು ಪಟ್ಟಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಆಲ್ವೇಸ್ ಎಂದರೆ ಶೇ 100, ಯೂಶುವಲಿ 80, ಆಫನ್ 70, ಸಮ್‌ಟೈಮ್ಸ್ 50, ರೇರ್ಲಿ 10, ನೆವರ್ ಸೊನ್ನೆ. ಅಂಕಿಗಳು ಪುಸ್ತಕದಿಂದ ಪುಸ್ತಕಕ್ಕೆ ಒಂದಿಷ್ಟು ಬದಲಾಗುತ್ತವೆ, ಪಟ್ಟಿ ಬದಲಾಗುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಗೆ ಸಿಗುವುದೂ ಇಂಥದೇ ಪಟ್ಟಿ. ಮಗ್ಗಿಯ ಹಾಗೆ ಬಾಯಿಪಾಠ ಮಾಡುವುದಷ್ಟೇ ಬಾಕಿ. ಪಟ್ಟಿಯ ಅನುಕ್ರಮ ಸರಿಯಾಗಿದೆ, ಅಂಕಿಗಳನ್ನು ಮಾತ್ರ ನಂಬುವಂತಿಲ್ಲ. ಈ ಪದಗಳು ಎಷ್ಟು ಸಲ ಎಂದು ಎಣಿಸುವುದಿಲ್ಲ. ಕೇಳುವವನು ಎಷ್ಟು ನಿರೀಕ್ಷಿಸಿದ್ದ, ಆದದ್ದು ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನಷ್ಟೇ ಹೇಳುತ್ತವೆ.

ಇದಕ್ಕೆ ಆಧಾರ ಹಳೆಯದು. ಅಮೆರಿಕದಲ್ಲಿ 1944ರಲ್ಲಿ ಸಿಂಪ್ಸನ್, 1968ರಲ್ಲಿ ಹೇಕಲ್ ಇಂಥ ಪದಗಳನ್ನು ಕೊಟ್ಟು, ನೂರಕ್ಕೆ ಎಷ್ಟು ಸಲ ಎಂದು ಜನರನ್ನು ಕೇಳಿದರು. ಕಾಲು ಶತಮಾನ ಕಳೆದರೂ ಪದಗಳ ಏರಿಳಿತದ ಕ್ರಮ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಆದರೆ ಒಂದೇ ಪದಕ್ಕೆ ಒಬ್ಬೊಬ್ಬರು ಕೊಟ್ಟ ಅಂಕಿಗಳ ನಡುವೆ ಬಹಳ ಅಂತರವಿತ್ತು. 1974ರಲ್ಲಿ ಪೆಪರ್ ಮತ್ತು ಪ್ರಿಟುಲಾಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಷಯ ಬದಲಾದರೆ ಅದೇ ಪದದ ಅಂಕಿಯೂ ಬದಲಾಗುತ್ತದೆ ಎಂದು ತೋರಿಸಿದರು. ಅಪರೂಪದ ಘಟನೆಗೆ ಫ್ರೀಕ್ವೆಂಟ್ಲಿ ಎಂದಾಗ ಓದುಗರು ಸಣ್ಣ ಅಂಕಿ ಹೇಳಿದರು, ಸದಾ ನಡೆಯುವುದಕ್ಕೆ ಅಂದಾಗ ದೊಡ್ಡದು. ನಮ್ಮ ಮಳೆಗೂ ಈ ಮಾತು ಸಲ್ಲುತ್ತದೆ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಹವಾಮಾನ ಇಲಾಖೆಗೆ ಅದು ಮಳೆಯ ದಿನ. ಜುಲೈನಲ್ಲಿ ಆಫನ್ ಮಳೆ ಎಂದು ಆಗುಂಬೆಯವರು ಬರೆದರೆ ಬಿಡುವಿಲ್ಲದೆ ಸುರಿಯಿತೆಂದು ಅರ್ಥ. ಲಿಂಗಸುಗೂರಿನವರು ಬರೆದರೆ ಬಿತ್ತನೆಗೆ ಸಾಲುವಷ್ಟು ಸಲ ಬಂತೆಂದು ಸಮಾಧಾನ.

ಅಂಕಿಯಲ್ಲಿ ಹಿಡಿಯಲಾಗದ ಇನ್ನೊಂದು ಗುಣ ಈ ಪದಗಳಿಗಿದೆ, ಅದು ಹೇಳುವವನ ಮನಸ್ಸು. ಆಲ್ವೇಸ್ ಜೊತೆಗೆ ಐಎನ್‌ಜಿ ರೂಪದ ಕ್ರಿಯಾಪದ ಬಂದರೆ, ಹೆಚ್ಚಿನ ಸಲ ಅಲ್ಲಿ ಬೇಸರ ಇರುತ್ತದೆ. ‘ಹಿ ಈಸ್ ಆಲ್ವೇಸ್ ಆಸ್ಕಿಂಗ್ ಫಾರ್ ಮನಿ’ ಎಂದಾಗ ಅವನು ದಿನದ 24 ಗಂಟೆಯೂ ದುಡ್ಡು ಕೇಳುತ್ತಾನೆಂದಲ್ಲ, ಕೇಳಿ ಕೇಳಿ ತಲೆ ತಿಂದಿದ್ದಾನೆಂದು. ರಾಯಚೂರು ಸೀಮೆಯವರಿಗೆ ಇದನ್ನು ವ್ಯಾಕರಣದಿಂದ ಕಲಿಸಬೇಕಿಲ್ಲ. ‘ಹಗಲೆಲ್ಲಾ ರೊಕ್ಕ ಕೇಳ್ತಾನ’ ಎಂಬ ಮಾತಿನ ಹಗಲೆಲ್ಲಾ ಕೂಡ ಬೆಳಗಿನಿಂದ ಸಂಜೆಯವರೆಗಿನ ಲೆಕ್ಕವಲ್ಲ, ದೂರು. ತೊಡಕಾಗುವುದು ನೆವರ್‌ನಲ್ಲಿ. ಕನ್ನಡದಲ್ಲಿ ‘ಎಂದೂ’ ಎಂಬುದಕ್ಕೆ ‘ಬರೋದಿಲ್ಲ’ ಸೇರಿದರೇ ನಿಷೇಧ ಪೂರ್ತಿಯಾಗುತ್ತದೆ. ನೆವರ್ ತನ್ನೊಳಗೇ ಇಲ್ಲವನ್ನು ಇಟ್ಟುಕೊಂಡಿದೆ. ಅದರ ಮೇಲೆ ಇನ್ನೊಂದು ನಾಟ್ ಹಾಕಿದರೆ, ಎಂದೂ ಬಾರದವನು ತಪ್ಪದೆ ಬರುವವನಾಗಿಬಿಡುತ್ತಾನೆ. ಸೆಲ್ಡಮ್, ರೇರ್ಲಿ, ಹಾರ್ಡ್ಲಿ ಎವರ್ ಕೂಡ ಇಲ್ಲದ ಕಡೆಗೇ ವಾಲುವ ಪದಗಳು.

ಹಾಗಾದರೆ ಪಟ್ಟಿಯನ್ನೇ ಬಿಸಾಡಬೇಕೇ ಎಂದು ಮೇಷ್ಟರು ಕೇಳಬಹುದು. ಬೇಡ. ಕಲಿಕೆಯ ಶುರುವಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯಲು ಅದು ಸಾಕು. ಅಂಕಿಗಳನ್ನು ಅಳಿಸಿ ಅನುಕ್ರಮ ಉಳಿಸಿಕೊಳ್ಳಲಿ. ಇಷ್ಟು ಸಡಿಲವಾದ ಪದಗಳು ಯಾಕೆ ಬೇಕು, ಎಲ್ಲ ಕಡೆ ಸಂಖ್ಯೆಯನ್ನೇ ಹೇಳಬಾರದೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಹರಟೆಯಲ್ಲಿ, ಕಥೆಯಲ್ಲಿ ಸಡಿಲಿಕೆಯೇ ಸೊಗಸು. ಲೆಕ್ಕ ಒಪ್ಪಿಸಿದರೆ ಮಾತು ಕೆಡುತ್ತದೆ. ಕೆಲಸ ಆಗಬೇಕಾದಲ್ಲಿ ಮಾತ್ರ ಸಂಖ್ಯೆ ಬೇಕು. ಯುರೋಪಿನ ಔಷಧ ನಿಯಮಗಳು ಇದನ್ನು ಅರಿತೇ ಅಡ್ಡಪರಿಣಾಮದ ಪದಗಳಿಗೆ ಗಡಿ ಹಾಕಿವೆ: ಕಾಮನ್ ಎಂದರೆ 100 ಮಂದಿಯಲ್ಲಿ 1ರಿಂದ 10 ಜನ, ರೇರ್ ಎಂದರೆ 10,000 ಮಂದಿಯಲ್ಲಿ 1ರಿಂದ 10 ಜನ. ಗಡಿ ತಿಳಿಯದೆ ಕಾಮನ್ ಎಂದು ಓದಿದ ರೋಗಿ, ತನಗೂ ಆಗಿಯೇ ಆಗುತ್ತದೆಂದು ಹೆದರಿ ಮಾತ್ರೆ ಬಿಟ್ಟಾನು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಹೆಸರು ಕೆತ್ತಿಸಿದ ಅಶೋಕನಿಗೂ ಈ ಎಚ್ಚರ ಇತ್ತು. ತನ್ನ ಮೂರನೆಯ ಶಿಲಾಶಾಸನದಲ್ಲಿ ಅಧಿಕಾರಿಗಳಿಗೆ ಆಗಾಗ ಸಂಚಾರ ಹೋಗಿ ಎಂದು ಅವನು ಹೇಳಲಿಲ್ಲ, ಐದು ವರ್ಷಕ್ಕೊಮ್ಮೆ ಎಂದ. ಒಡಿಶಾದ ಧೌಲಿಯ ಶಾಸನವನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕೆಂದು ದಿನವನ್ನೇ ಗೊತ್ತುಮಾಡಿದ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ಅರ್ಜಿ ಬರೆಯುವಾಗಲೂ ಇದೇ ವಿವೇಕ ಬೇಕು. ನೀರು ರೇರ್ಲಿ ಬರುತ್ತದೆ ಎಂದು ಬರೆದರೆ, ಸಾಹೇಬರು ತಮಗೆ ಬೇಕಾದಷ್ಟು ಸಲ ಎಂದು ಓದಿಕೊಳ್ಳಬಹುದು. ಯಾವ ತಿಂಗಳು, ಯಾವ ತೂಬು, ಎಷ್ಟು ದಿನ ಒಣಗಿತ್ತು ಎಂದು ಬರೆದರೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಆಫನ್, ರೇರ್ಲಿಗಳನ್ನು ಮಾತಿಗೆ ಇಟ್ಟುಕೊಳ್ಳಿ. ಅರ್ಜಿಯಲ್ಲಿ ತಾರೀಖು ಬರೆಯಿರಿ.